ನೀರಕ್ಕನ ಒಂದು ಗಂಟೆ

ನನ್ನ ಅಕ್ಕ ಈಜು ಕಲಿಸುವವಳು. ನನಗೆ ಈಜು ಬರುವುದಿಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಕೇಳಿದವರು ಮೊದಲು ಅಕ್ಕನನ್ನು ಅನುಮಾನದಿಂದ ನೋಡುತ್ತಾರೆ. ಆಮೇಲೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಅಕ್ಕನ ಮೇಲಿನ ಅನುಮಾನ ಬಿಡುತ್ತಾರೆ. ನಾನು ನೀರಿಗಿಳಿದರೆ ತೇಲುವುದು ನನ್ನ ಚಪ್ಪಲಿ ಮಾತ್ರ.

ಹಾಗಂತ ಅಕ್ಕ ನನ್ನನ್ನು ಸುಲಭಕ್ಕೆ ಕೈಬಿಟ್ಟವಳಲ್ಲ. ಅವಳದೊಂದು ಪದ್ಧತಿಯಿದೆ. ಯಾರಾದರೂ ತಪ್ಪಾಗಿ ಈಜಿದರೆ ದಡದಲ್ಲಿ ನಿಂತು ಪೀಪಿ ಊದುವುದಿಲ್ಲ. ತಾನೂ ನೀರಿಗಿಳಿದು, ಅವರು ಈಜಿದ ಹಾಗೆಯೇ, ಆ ತಪ್ಪಿನ ಸಮೇತ ಈಜಿ ನೋಡುತ್ತಾಳೆ. ಎಡಗಾಲು ಎಳೆಯುವವರ ಹಾಗೆ ಎಡಗಾಲು ಎಳೆಯುತ್ತಾಳೆ, ಕತ್ತು ಸೆಟೆಸುವವರ ಹಾಗೆ ಕತ್ತು ಸೆಟೆಸುತ್ತಾಳೆ. "ಎಲ್ಲಿ ಹಿಡಿಯುತ್ತೆ ಅಂತ ನನ್ನ ಮೈಗೆ ಗೊತ್ತಾಗದೆ ನಿನಗೆ ಹೇಗೆ ಹೇಳ್ಲಿ?" ಎನ್ನುವುದು ಅವಳ ವಾದ. ನನ್ನ ತಪ್ಪನ್ನೂ ಈಜಿ ನೋಡಲು ಹೋಗಿ ನೇರ ತಳ ಮುಟ್ಟಿದಳು. ಮೇಲೆ ಬಂದು ಕೆಮ್ಮುತ್ತಲೇ, "ನಿಂದು ತಪ್ಪಲ್ಲ ಕಣೋ, ಸ್ವಭಾವ" ಎಂದಳು.

ಪುರಸಭೆಯ ಈಜುಕೊಳಕ್ಕೆ ಅವಳು ಸೇರಿದ್ದು ಟವೆಲು ಕೊಡುವವಳಾಗಿ. ಭಾವ ಆಗಷ್ಟೇ ಮನೆ ಬಿಟ್ಟಿದ್ದರು. ಭಾವನಿಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದಾರೆ, ಬೇರೆ ಮನೆಯಲ್ಲಿ. ಅಕ್ಕನ ಕಂಕುಳಲ್ಲಿ ಮಗಳಿದ್ದಳು. ಗಂಡಸರಿಗೆ ಕಲಿಸುತ್ತಿದ್ದ ಕೋಚು ದಡದಲ್ಲಿ ಕೂಗಿ ಹೇಳಿದ್ದನ್ನೆಲ್ಲ ಟವೆಲು ಮಡಚುತ್ತ ಕೇಳಿಸಿಕೊಂಡು, ಕೊಳ ಮುಚ್ಚಿದ ಮೇಲೆ ತಾನೊಬ್ಬಳೇ ಇಳಿದು ಕಲಿತಳು. ಕಲಿತ ಮೇಲೆ ಸುಮ್ಮನಿರಬೇಕಲ್ಲ? ಹೆಂಗಸರಿಗೂ ಕಲಿಸುತ್ತೇನೆ, ಅವರಿಗೆ ಅಂತ ಒಂದು ಹೊತ್ತು ಕೊಡಿ ಎಂದು ಆಗಿನ ಸಾಹೇಬರ ಬೆನ್ನು ಬಿದ್ದಳು. ಸಾಹೇಬರು ತಲೆ ಕೆರೆದುಕೊಂಡು, ಯಾವ ಗಂಡಸೂ ಕಾಲಿಡದ ಹೊತ್ತನ್ನು ಹುಡುಕಿ ದಾನ ಮಾಡಿದರು. ಮಧ್ಯಾಹ್ನ ಎರಡರಿಂದ ಮೂರು. ಆ ಹೊತ್ತಿಗೆ ದಡದ ಕಲ್ಲು ಕಾದ ಕಾವಲಿಯಂತಿರುತ್ತದೆ. ಅಕ್ಕ ಮಾತ್ರ ಸಾಮ್ರಾಜ್ಯ ಸಿಕ್ಕವಳ ಹಾಗೆ ಮನೆಗೆ ಬಂದಳು. ಹೆಂಗಸರಿಗೆ ಎರಡರಿಂದ ಮೂರು ಎಂದು ಗೇಟಿಗೆ ಬೋರ್ಡು ಬಿತ್ತು. ಊರಿನ ಹೆಂಗಸರ ಬಾಯಲ್ಲಿ ಅವಳು ನೀರಕ್ಕನಾದಳು.

ಟಿಕೆಟ್ಟಿನವನು ಊಟಕ್ಕೆ ಹೋಗುವ ಹೊತ್ತು ಅದು. ಗೇಟು ಕಾಯಲು ಒಬ್ಬರು ಬೇಕಿತ್ತು. ವಾರಪತ್ರಿಕೆಗೆ ನಗೆಬರಹ ಬರೆಯುವವನಿಗೆ ಮಧ್ಯಾಹ್ನ ಏನು ಕೆಲಸ ಇದ್ದೀತು ಎಂದು ಅಕ್ಕ ಸರಿಯಾಗಿಯೇ ಊಹಿಸಿದಳು. ರಸ್ತೆಗೆ ಮುಖ, ಕೊಳಕ್ಕೆ ಬೆನ್ನು. ಇದು ನನ್ನ ಉದ್ಯೋಗ. ಆದ್ದರಿಂದ ನಾನು ಹೇಳುವುದರಲ್ಲಿ ಅರ್ಧ ಭಾಗ ಬೆನ್ನಿನಿಂದ ಕೇಳಿಸಿಕೊಂಡದ್ದು.

ಬೆನ್ನಿಗೆ ಮೊದಲು ಕೇಳಿಸುತ್ತಿದ್ದುದು ಬೈಗುಳದ ಪಾಠ. ನೀರೊಳಗೆ ಉಸಿರು ಬಿಡುವುದೆಂದರೆ ಹೊಸಬರಿಗೆ ಜೀವಭಯ. ಅದಕ್ಕೆ ಅಕ್ಕ, ಮುಖ ನೀರಲ್ಲಿ ಅದ್ದಿ ಯಾರ ಮೇಲೆ ಸಿಟ್ಟಿದೆಯೋ ಅವರನ್ನು ಮನಸಾರೆ ಬೈಯಿರಿ ಎನ್ನುತ್ತಿದ್ದಳು. ಬೈಯುವ ಭರದಲ್ಲಿ ಭಯ ಮರೆತುಹೋಗುತ್ತದೆ, ಉಸಿರು ತಾನಾಗಿ ಹೊರಗೆ ಬರುತ್ತದೆ. ಮೇಲೆ ಬರೀ ಗುಳುಗುಳು.

"ಯಾರನ್ನ ಬೈದೆ?"

"ಅತ್ತೆಯನ್ನ, ನೀರಕ್ಕ."

"ಪರವಾಗಿಲ್ಲ, ಒಳ್ಳೆ ಉಸಿರು. ಈಗ ಗಂಡನ್ನ ಬೈದು ನೋಡು, ಇನ್ನೂ ಉದ್ದ ಬರುತ್ತೆ."

ಆಮೇಲೆ ನಗು. ನಾನು ಗೇಟಿನಲ್ಲಿ ಕೂತು, ದೇವರ ದಯೆಯಿಂದ ನನಗೆ ಮದುವೆಯಾಗಿಲ್ಲ ಎಂದುಕೊಳ್ಳುತ್ತಿದ್ದೆ.

ಆ ಗುಂಪಿಗೆ ಕೊನೆಯದಾಗಿ ಸೇರಿದವರು ಗಡಿಯಾರದಂಗಡಿಯಮ್ಮ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದರು. ಆಸ್ಪತ್ರೆಯಲ್ಲಿ ಅವರ ಬಲಗಡೆಯ ಸ್ತನ ತೆಗೆದಿದ್ದರು. ಗಾಯ ಮಾಯಿತು, ಕೈ ಮಾತ್ರ ಹೆಗಲಿನಿಂದ ಮೇಲೆ ಏಳಲಿಲ್ಲ. ಈಜಿ, ಇಲ್ಲದಿದ್ದರೆ ಕೈ ಹಾಗೆಯೇ ಕಟ್ಟಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ನೀರಿನಲ್ಲಿ ಆ ಕೈ ಎದ್ದಿತು. ಮೊದಲು ಕಿವಿಯವರೆಗೆ, ಆಮೇಲೆ ಇನ್ನೂ ಮೇಲೆ. ಅರ್ಧ ಕೊಳ ದಾಟಿದ ದಿನ ಗೇಟಿನಿಂದ ಹೊರಗೆ ಬರುವಾಗ ನನ್ನ ವಾಚು ನೋಡಿ, "ಹಿಂದೆ ಓಡ್ತಿದೆ ಸ್ವಾಮಿ, ಅಂಗಡಿಗೆ ತನ್ನಿ, ದುಡ್ಡಿಲ್ಲದೆ ಸರಿಮಾಡಿಕೊಡ್ತೀನಿ" ಎಂದರು. ಅಷ್ಟು ಖುಷಿಯಾಗಿದ್ದರು.

ಇನ್ನು ಅಕ್ಕನ ಮಗಳು. ನಡೆಯುವ ಮೊದಲೇ ಈಜಿದವಳು. ಈಗ ವಕೀಲರೊಬ್ಬರ ಆಫೀಸಿನಲ್ಲಿ ಕೆಲಸ. ಏನೇ ಹೇಳುವುದಿದ್ದರೂ "ನನ್ನ ಪಾಯಿಂಟು ಏನಂದ್ರೆ" ಎಂದು ಶುರುಮಾಡುವುದರಿಂದ ಮನೆಯಲ್ಲಿ ಅವಳಿಗೆ ಪಾಯಿಂಟು ಎಂದೇ ಹೆಸರು. ಕೆಲಸಕ್ಕೆ ಸೇರಿದ ಮೇಲೆ ಅವಳಿಗೆ ಈಜು ತಪ್ಪಿಹೋಗಿತ್ತು. ಒಂದು ದಿನ ಬೆಳಗ್ಗೆ ಎದ್ದವಳೇ ಟವೆಲು ಹೆಗಲಿಗೆ ಹಾಕಿಕೊಂಡು ಕೊಳಕ್ಕೆ ಹೋದಳು. ಬೆಳಗಿನ ಗೇಟಿನವನು ಬೋರ್ಡು ತೋರಿಸಿದ.

"ನಿಮಗೆ ಅಂತಲೇ ಮಧ್ಯಾಹ್ನ ಇದೆಯಲ್ಲಮ್ಮ. ನಿಮ್ಮ ತಾಯಿಯವರೇ ಕೇಳಿ ಇಸ್ಕೊಂಡದ್ದು."

ಬೇರೆ ಹೊತ್ತಿನಲ್ಲಿ ಹೆಂಗಸರು ಬರಬಾರದು ಎಂಬ ನಿಯಮ ಯಾವ ಕಡತದಲ್ಲೂ ಇರಲಿಲ್ಲ. ಆದರೆ ಬೋರ್ಡು ಇತ್ತು, ಗೇಟಿನವನ ಬೆರಳಿತ್ತು. ಅಂದು ಸಂಜೆ ಅಡುಗೆಮನೆಯಲ್ಲಿ ಒಲೆಗಿಂತ ಪಾಯಿಂಟು ಜಾಸ್ತಿ ಕಾದಿದ್ದಳು.

"ಅಮ್ಮ, ನಿನ್ನ ಒಂದು ಗಂಟೆ ನನ್ನ ಉಳಿದ ದಿನವನ್ನೆಲ್ಲ ತಿಂದುಹಾಕಿದೆ."

"ನನ್ನ ಗಂಟೆ ನಿನಗೇನೇ ಮಾಡ್ತು? ಅದರಲ್ಲೇ ಅಲ್ವಾ ನೀನು ಕಲಿತದ್ದು?"

"ಕಲಿತೆ. ಕಲಿತು ಎಲ್ಲಿ ಈಜ್ಲಿ? ದುಡಿಯೋ ಹೆಂಗಸು ಮಧ್ಯಾಹ್ನ ಎರಡಕ್ಕೆ ಹೇಗೆ ಬರ್ಲಿ? ನನ್ನ ಪಾಯಿಂಟು ಏನಂದ್ರೆ, ಆ ಬೋರ್ಡು ಹೋಗ್ಬೇಕು. ಕೊಳ ಎಲ್ಲರಿಗೂ, ಎಲ್ಲ ಹೊತ್ತೂ. ಅರ್ಜಿ ಕೊಡ್ತೀನಿ."

ಅಕ್ಕ ತರಕಾರಿ ಹೆಚ್ಚುತ್ತಲೇ, "ಬೋರ್ಡು ಹೋದ್ರೆ ಈಗ ಬರೋರೂ ಬರಲ್ಲ" ಎಂದಳು.

"ಬರ್ತಾರೆ. ಮೊದಲು ಸಂಕೋಚ, ಆಮೇಲೆ ಅಭ್ಯಾಸ. ಈಗೇನಾಗ್ತಿದೆ ಹೇಳು? ನೀರಲ್ಲಿ ಮುಖ ಹಾಕಿ ಗಂಡನ್ನ ಬೈತಾರೆ. ಆಮೇಲೆ ತಲೆ ಒರೆಸ್ಕೊಂಡು ಹೋಗಿ ಅವನಿಗೇ ಕಾಫಿ ಕೊಡ್ತಾರೆ. ನೀರೊಳಗೆ ಬೈಯೋದು ನೀನು ಕಲಿಸಿದೆ. ನೀರಿಂದ ಹೊರಗೆ ಬೈಯೋದು ಯಾರಮ್ಮ ಕಲಿಸೋದು?"

ಅಕ್ಕನ ಚಾಕು ನಿಂತಿತು. "ಮೊದಲು ಉಸಿರು ಬರ್ಲಿ ಕಣೇ. ಉಸಿರೇ ಇಲ್ಲದೋರಿಗೆ ಭಾಷಣ ಕಲಿಸೋಕಾಗುತ್ತಾ?"

"ಈ ಊರಿನ ಮೊದಲ ಸ್ತ್ರೀವಾದಿ ನೀನೇ, ಮಾತಾಡೋದು ನೋಡು!"

"ಬೈಬೇಡ್ವೇ. ನಾನು ಈಜು ಕಲಿಸೋಳು."

ಇಂಥ ಹೊತ್ತಿನಲ್ಲಿ ಮನೆಯ ಹಿರಿಯ ಗಂಡಸು ಸುಮ್ಮನಿರಬಾರದು ಎಂದು ನನಗೆ ಅನ್ನಿಸಿತು. ಸುಮ್ಮನಿರಬೇಕಿತ್ತು. "ನೋಡ್ರಮ್ಮ, ಸ್ತ್ರೀವಾದ ಅಂದ್ರೆ..." ಎಂದು ಗಂಟಲು ಸರಿಮಾಡಿಕೊಂಡೆ.

"ಮಾಮ, ನೀವು ಸ್ತ್ರೀವಾದಿನಾ?" ಎಂದಳು ಪಾಯಿಂಟು.

"ಒಂದು ಮಟ್ಟಿಗೆ."

"ಯಾವ ಮಟ್ಟಿಗೆ?"

"ಅವನಿಗೆ ತೊಂದರೆಯಾಗದ ಮಟ್ಟಿಗೆ" ಎಂದಳು ಅಕ್ಕ. ಆ ಸಂಜೆ ತಾಯಿ ಮಗಳು ಒಟ್ಟಿಗೆ ನಕ್ಕದ್ದು ಅದೊಂದೇ ಸಲ. ನನ್ನ ಮಧ್ಯಸ್ಥಿಕೆ ಅಷ್ಟರಮಟ್ಟಿಗೆ ಸಫಲವಾಯಿತು.

ಪಾಯಿಂಟು ಅರ್ಜಿ ಕೊಟ್ಟಳು. ಈಜು ಕಲಿಸುವವರ ಅಭಿಪ್ರಾಯವೂ ಬೇಕೆಂದು ಈಗಿನ ಸಾಹೇಬರು ಇಬ್ಬರನ್ನೂ ಬರಹೇಳಿದರು. ದಿನ ಹತ್ತಿರ ಬಂದ ಹಾಗೆಲ್ಲ ಮನೆಯಲ್ಲಿ ಮಾತು ತೆಳ್ಳಗಾಗುತ್ತ ಹೋಯಿತು. ಇಬ್ಬರೂ ಕೂಗಾಡುವವರಲ್ಲ, ಅದೇ ಕಷ್ಟ. ಕೂಗಾಡುವ ಮನೆಯಲ್ಲಿ ಕೂಗು ಮುಗಿದ ಮೇಲೆ ಊಟ ಸೇರುತ್ತದೆ. ಇಲ್ಲಿ "ಅನ್ನ ಹಾಕ್ಲಾ?" "ಸಾಕು" ಅಷ್ಟೇ. ಸಾಹೇಬರನ್ನು ಕಾಣಬೇಕಾದ ದಿನಕ್ಕೆ ಎರಡು ದಿನ ಮುಂಚೆ ಅಕ್ಕನೇ ಸೋತು ಬಾಯಿ ಬಿಟ್ಟಳು.

"ನಾಳೆ ನೀನು ರಜ ಹಾಕಿ ಮಧ್ಯಾಹ್ನ ಬಾ. ನಾನು ಬೆಳಗ್ಗೆ ಹೋಗ್ತೀನಿ. ನಿನ್ನದನ್ನ ನಾನು ಈಜಿ ನೋಡ್ತೀನಿ, ನನ್ನದನ್ನ ನೀನು ಈಜು."

"ಸೋತವರು?"

"ನೀರಲ್ಲಿ ಸೋಲೋದು ನಿನ್ನ ಮಾಮ ಒಬ್ಬನೇ."

ಅಕ್ಕನ ಡ್ಯೂಟಿ ಮೊದಲಿನಿಂದಲೂ ಮಧ್ಯಾಹ್ನದ ಮೇಲೆ. ಬೆಳಗಿನ ಕೊಳವನ್ನು ಅವಳು ಕಂಡವಳೇ ಅಲ್ಲ. ಮರುದಿನ ನಸುಕಿಗೆ ಹೋದಾಗ ಗೇಟಿನವನು ಅಭ್ಯಾಸಬಲದಿಂದ ಬೋರ್ಡು ತೋರಿಸಲು ಕೈ ಎತ್ತಿದ. ಅಕ್ಕ ಆ ಕೈಯನ್ನೇ ನೋಡಿದಳು. ಕೈ ದಾರಿ ಬದಲಿಸಿ ಅವನ ತಲೆ ಕೆರೆಯಲು ಹೋಯಿತು. ನಾನು ಹೊರಗೆ ಬೆಂಚಿನ ಮೇಲೆ ಕಾದೆ. ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೂದಲಿನಿಂದ ನೀರು ಸೋರುತ್ತಿತ್ತು, ಒರೆಸಿಕೊಂಡಿರಲಿಲ್ಲ.

"ಕೆಳಗಿನ ಗೆರೆ ಕಾಣುತ್ತೆ ಕಣೋ."

"ಯಾವ ಗೆರೆ?"

"ತಳದಲ್ಲಿ ಕಪ್ಪು ಗೆರೆ ಬಳಿದಿದಾರೆ, ನೇರ ಈಜಲಿ ಅಂತ. ಇದೆ ಅಂತ ಕೇಳಿದ್ದೆ. ಇವತ್ತು ಕಂಡೆ." ನನ್ನ ಪಕ್ಕದಲ್ಲಿ ಕೂತಳು. "ರಾತ್ರಿಯೆಲ್ಲ ಸೋಸಿಟ್ಟ ನೀರು ಬೆಳಗ್ಗೆ ಅವರಿಗೆ. ಅವರು ಹೊರಳಾಡಿ ಬಿಟ್ಟದ್ದು ಮಧ್ಯಾಹ್ನ ನಮಗೆ. ಆ ಕಲಕಿದ ನೀರನ್ನ ಇಷ್ಟು ವರ್ಷ ನಾನು ಆ ಹೆಂಗಸರಿಗೆ ಸ್ವರ್ಗ ಅಂತ ತೋರಿಸಿದೆನಲ್ಲೋ."

ನಗಿಸುವುದು ನನ್ನ ಹೊಟ್ಟೆಪಾಡು. ಆದರೆ ಆಗ ನಾನು ಮಾಡಿದ್ದು ತಲೆ ಒರೆಸಿಕೊಳ್ಳಲು ಟವೆಲು ಕೊಟ್ಟದ್ದಷ್ಟೇ.

ಮಧ್ಯಾಹ್ನ ಪಾಯಿಂಟು ಬಂದಳು. ಗೇಟು ದಾಟುವಾಗ, "ಮಾಮ, ನಾನು ಮನಸ್ಸು ಬದಲಾಯಿಸ್ತೀನಿ ಅಂತ ಆಸೆ ಇಟ್ಕೋಬೇಡಿ" ಎಂದು ಹೇಳಿಯೇ ಹೋದಳು. ಮೂರಾಗುವ ಮೊದಲೇ ಹೊರಗೆ ಬಂದು, ಅವಳಮ್ಮ ಬೆಳಗ್ಗೆ ಕೂತ ಜಾಗದಲ್ಲೇ ಕೂತಳು. ಕಣ್ಣು ಕೆಂಪಗಿತ್ತು. ಕೊಳದ ಔಷಧಿ ನೀರಿಗೆ ಎಲ್ಲರ ಕಣ್ಣೂ ಕೆಂಪಾಗುತ್ತದೆ, ಆದ್ದರಿಂದ ನಾನು ಕೇಳಲಿಲ್ಲ.

"ಬಟ್ಟೆ ಬದಲಾಯಿಸೋ ಕೋಣೆಯಲ್ಲಿ ಗಡಿಯಾರದಂಗಡಿಯಮ್ಮ ನನ್ನ ಪಕ್ಕದಲ್ಲಿದ್ರು. ಒಳಗಿಂದ, ತೆಗೆದ ಎದೆಯ ಜಾಗಕ್ಕೆ ಇಟ್ಕೊಳ್ಳೋ ಹತ್ತಿ ಮೆತ್ತೆ ತೆಗೆದು ನನ್ನ ಕೈಗೆ ಕೊಟ್ರು ಮಾಮ. 'ಒದ್ದೆ ಕಡೆ ಇಡಬೇಡಮ್ಮ' ಅಂದ್ರು. ತಿಂಡಿ ಡಬ್ಬಿ ಕೊಟ್ಟ ಹಾಗೆ. ಆಮೇಲೆ ಹಾಗೇ ಎಲ್ಲರ ಮುಂದೆ ನಡ್ಕೊಂಡು ಹೋಗಿ ನೀರಿಗಿಳಿದ್ರು. ಯಾರೂ ನೋಡ್ಲಿಲ್ಲ. ನೋಡದ ಹಾಗೆ ಮಾಡೋದಲ್ಲ, ನಿಜವಾಗಿ ಯಾರಿಗೂ ಅದೊಂದು ವಿಷಯವೇ ಅಲ್ಲ. ಇಂಥ ಜಾಗ ಅವರಿಗೆ ಇನ್ನೆಲ್ಲಿದೆ?" ಒದ್ದೆ ಟವೆಲು ಮಡಚುತ್ತ, "ನನ್ನ ಪಾಯಿಂಟು ಏನಂದ್ರೆ..." ಎಂದಳು. ನಾನು ಕಾದೆ. ಆ ಮಾತಿನ ಮುಂದೆ ಏನೂ ಬರದೇ ಇದ್ದದ್ದು ನನ್ನ ಅನುಭವದಲ್ಲಿ ಅದೇ ಮೊದಲು.

ಅಂದು ಸಂಜೆ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಎಷ್ಟು ಮೃದುವಾಗಿದ್ದರೆಂದರೆ ಜಗಳ ಮುಗಿಯಿತು ಎಂದು ನಾನು ಎರಡು ಸಲ ಬಡಿಸಿಕೊಂಡು ಉಂಡೆ. ಆದರೆ ಯಾರೂ ಯಾರಿಗೂ ತಾವು ಕಂಡದ್ದನ್ನು ಹೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮ ವಂಶದವರು ಸೋಲನ್ನು ಹೊರಗಿನವರ ಮುಂದೆ ಬೇಕಾದರೆ ಒಪ್ಪುತ್ತೇವೆ, ಮನೆಯೊಳಗೆ ಒಪ್ಪುವುದಿಲ್ಲ. ನಾಳೆ ಸಾಹೇಬರ ಮುಂದೆ ಹೇಳಿ ಅಮ್ಮನನ್ನು ಗೆಲ್ಲಿಸಿದರಾಯಿತು ಎಂದು ಮಗಳು, ಮಗಳನ್ನು ಗೆಲ್ಲಿಸಿದರಾಯಿತು ಎಂದು ತಾಯಿ, ಹಿಗ್ಗು ಬಚ್ಚಿಟ್ಟುಕೊಂಡು ಮಲಗಿದರು.

ಸಾಹೇಬರು ಒಳ್ಳೆಯವರು. ಮೇಜಿನ ಮೇಲೆ ಕಡತಗಳ ಗೋಡೆ, ಅದರಾಚೆಯಿಂದ ಕನ್ನಡಕ ಮಾತ್ರ ಕಾಣುತ್ತಿತ್ತು. ನಮಗೆಲ್ಲ ಕುರ್ಚಿ ಹಾಕಿಸಿ, ಅಕ್ಕನ ಕಡೆ ತಿರುಗಿದರು.

"ಹೇಳಿ ಅಮ್ಮ. ನಿಮ್ಮ ಆಕ್ಷೇಪಣೆ ಇದೆ ಅಂತ ಗೊತ್ತು. ಎಷ್ಟೋ ವರ್ಷದಿಂದ ನಡೆಸಿಕೊಂಡು ಬಂದಿದೀರಿ."

"ಆಕ್ಷೇಪಣೆ ಇಲ್ಲ ಸಾರ್" ಎಂದಳು ಅಕ್ಕ. "ಬೋರ್ಡು ತೆಗೀರಿ. ನನ್ನ ಮಗಳು ಹೇಳಿದ್ದು ಸರಿ. ಬೆಳಗಿನ ನೀರು ಹೆಣ್ಣುಮಕ್ಕಳಿಗೂ ಸಿಗಬೇಕು."

ಪಾಯಿಂಟು ಕುರ್ಚಿಯಿಂದ ಎದ್ದೇಬಿಟ್ಟಳು. "ಸಾರ್, ನನ್ನ ಅರ್ಜಿ ವಾಪಸ್ ಕೊಡಿ. ಆ ಗಂಟೆ ಇರಬೇಕು."

ಸಾಹೇಬರು ಕನ್ನಡಕ ತೆಗೆದರು. "ಅಲ್ಲಮ್ಮ, ಅರ್ಜಿ ನಿಮ್ಮದೇ ಅಲ್ವಾ?"

"ನಂದೇ. ಆದ್ರೆ ಅಮ್ಮ ಹೇಳಿದ್ದು ಸರಿ."

"ನಾನೇನೇ ಹೇಳಿದೆ?" ಎಂದಳು ಅಕ್ಕ. "ಅವರೆಲ್ಲ ಬೆಳಗ್ಗೆಯೂ ಬರ್ತಾರೆ, ಎಷ್ಟು ಹೊತ್ತಿಗಾದರೂ ಬರ್ತಾರೆ. ನಾನು ಕಲಿಸಿದೀನಿ ಅವರಿಗೆ. ಮೊದಲು ಸಂಕೋಚ, ಆಮೇಲೆ ಅಭ್ಯಾಸ."

"ಬರಲ್ಲಮ್ಮ! ಮೊದಲು ಉಸಿರು ಬರ್ಲಿ ಅಂದವಳು ನೀನು!"

ಹೀಗೆ, ಅಡುಗೆಮನೆಯ ಅದೇ ಜಗಳ, ಬಾಯಿ ಅದಲುಬದಲಾಗಿ, ಸರ್ಕಾರಿ ಮೇಜಿನ ಮುಂದೆ ಮತ್ತೆ ನಡೆಯಿತು. ಎರಡನ್ನೂ ಇಟ್ಟುಕೊಳ್ಳಬಹುದಲ್ಲ ಎಂದು ನಾನು ಬಾಯಿ ಹಾಕಿದೆ. ಸಾಹೇಬರು, "ಎಲ್ಲರಿಗೂ ಎಲ್ಲ ಹೊತ್ತೂ ಅಂತ ಬರೆದು, ಒಂದು ಗಂಟೆ ಬಿಟ್ಟು ಅಂತ ಕೆಳಗೆ ಬರೆಯೋಕಾಗುತ್ತಾ ಸ್ವಾಮಿ? ನಾಳೆ ವಯಸ್ಸಾದವರು ಒಂದು ಗಂಟೆ ಕೇಳ್ತಾರೆ, ನಾಡಿದ್ದು ಹಾಸ್ಯಲೇಖಕರು" ಎಂದು ನನ್ನನ್ನೇ ನಗಿಸಿಬಿಟ್ಟರು. ಅವರಿಗೆ ಮುಂದಿನ ಮೀಟಿಂಗಿನ ಅವಸರ. ಬರವಣಿಗೆಯಲ್ಲಿ ಮಗಳ ಬೇಡಿಕೆ ಇದೆ, ಬಾಯಿಮಾತಿನಲ್ಲಿ ತಾಯಿಯ ಒಪ್ಪಿಗೆ ಬಂತು. ಇಷ್ಟು ಸಲೀಸಾದ ಫೈಲು ನನ್ನ ಸರ್ವಿಸಿನಲ್ಲೇ ಬಂದಿಲ್ಲ ಎಂದು ಸಂತೋಷವಾಗಿ ಸಹಿ ಹಾಕಿದರು. ಹೊರಗೆ ಮೆಟ್ಟಿಲ ಮೇಲೆ ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡು ನಿಂತಿದ್ದರು.

"ಒಂದು ಮಾತು ನಿನ್ನೆ ಹೇಳಬಾರದಿತ್ತಾ ಅಮ್ಮ?"

"ನೀನು?"

ಬೋರ್ಡು ಇಳಿಯಿತು. ನನ್ನ ಉದ್ಯೋಗವೂ ಹೋಯಿತು. ಇಲ್ಲದ್ದು ಹೇಳಬಾರದು, ಪಾಯಿಂಟು ಮೊದಲು ಹೇಳಿದ್ದು ನಿಜವೇ ಆಯಿತು. ಬೆಳಗಿನ ಹೊತ್ತಿಗೆ ಒಬ್ಬರ ಹಿಂದೆ ಒಬ್ಬರು ಹುಡುಗಿಯರು ಬರತೊಡಗಿದರು. ನರ್ಸುಗಳು, ಬ್ಯಾಂಕಿನವರು, ಕಾಲೇಜಿನವರು. ತಿಳಿನೀರಿನಲ್ಲಿ ಗೆರೆ ಹಿಡಿದು ಬಾಣದ ಹಾಗೆ ಹೋಗುತ್ತಿದ್ದರು. ಅಕ್ಕ ಒಂದು ಬೆಳಗ್ಗೆ ಹೋಗಿ ಕಣ್ತುಂಬ ನೋಡಿ ಬಂದಳು.

ಮಧ್ಯಾಹ್ನದವರು ಮೊದಲ ದಿನ ಗುಂಪಾಗಿಯೇ ಬಂದರು. ರಜೆಯ ಕಾಲ. ಹುಡುಗರು ದಡದಿಂದ ದಬದಬ ಹಾರುತ್ತಿದ್ದರು. ಹೆಂಗಸರು ಬಟ್ಟೆ ಬದಲಾಯಿಸದೆ ಆ ಕಾದ ಕಲ್ಲಿನ ಮೇಲೆ ಸಾಲಾಗಿ ಕೂತರು. ಅಕ್ಕ ತಾನು ನೀರಿಗಿಳಿದು, "ಬನ್ರೇ, ಏನಾಗುತ್ತೆ, ನಾನಿಲ್ವಾ?" ಎಂದು ಕರೆದಳು. ಇಬ್ಬರು ಮೊಣಕಾಲವರೆಗೆ ಇಳಿದರು. ಗಡಿಯಾರದಂಗಡಿಯಮ್ಮ ಚೀಲ ಹಿಡಿದುಕೊಂಡು ಕೋಣೆಯ ಬಾಗಿಲವರೆಗೆ ಹೋದರು. ಅಲ್ಲಿ ನಿಂತಿದ್ದ ಗಂಡಸೊಬ್ಬರು ಪಕ್ಕಕ್ಕೆ ಸರಿದು, "ಬನ್ನಿ ಅಮ್ಮ, ಹೋಗಿ" ಎಂದು ಮರ್ಯಾದೆಯಿಂದ ದಾರಿ ಬಿಟ್ಟರು. ಯಾರೂ ಯಾರಿಗೂ ಏನೂ ಅನ್ನಲಿಲ್ಲ, ಯಾರದ್ದೂ ತಪ್ಪಿರಲಿಲ್ಲ. ಆಕೆ ಹಿಂದಿರುಗಿ ಬೆಂಚಿನ ಮೇಲೆ ಕೂತು, ಚೀಲವನ್ನು ಎದೆಗೆ ಒತ್ತಿಕೊಂಡು ನೀರನ್ನೇ ನೋಡಿ, ಮೂರಕ್ಕೆ ಎದ್ದು ಹೋದರು. ಆಮೇಲೆ ಬರಲಿಲ್ಲ. ಆಮೇಲಾಮೇಲೆ ಉಳಿದವರೂ.

ಅಕ್ಕ ಬಹಳ ದಿನ ಕಾದಳು. ಕೊನೆಗೆ ಒಂದು ಸಂಜೆ ಮಗಳನ್ನೂ ನನ್ನನ್ನೂ ಕರೆದುಕೊಂಡು ಗಡಿಯಾರದಂಗಡಿಗೆ ಹೋದಳು. ಆ ಅಮ್ಮ ನಮ್ಮನ್ನು ಕಂಡು ಎದ್ದುನಿಂತು, ಸ್ಟೂಲು ಒರೆಸಿ ಕೂರಿಸಿದರು.

"ನೀರಕ್ಕ, ನನ್ನ ಮೊಮ್ಮಗಳು ಈಗ ಬೆಳಗ್ಗೆ ಬರ್ತಾಳೆ ಕೊಳಕ್ಕೆ. ಎಷ್ಟು ಖುಷಿ ಗೊತ್ತಾ ಅವಳಿಗೆ. ನೀವು ಮಾಡಿದ್ದು ಒಳ್ಳೇದಾಯ್ತು."

"ನೀವು ಬನ್ನಿ ಅಂತ ಕರೆಯೋಕೆ ಬಂದೆ. ನಾನು ಪಕ್ಕದಲ್ಲೇ ಇರ್ತೀನಿ."

"ಆಗಲ್ಲ ನೀರಕ್ಕ. ಪ್ರಯತ್ನ ಮಾಡಿದೆ. ನಾಚಿಕೆ ಅಂದ್ಕೋಬೇಡಿ. ದಿನವೆಲ್ಲ ಅಂಗಡಿಯಲ್ಲಿ ಗಟ್ಟಿಯಾಗಿರ್ತೀನಿ. ಅಲ್ಲೂ ಗಟ್ಟಿಯಾಗಿರ್ಬೇಕು ಅಂದ್ರೆ ಇನ್ನೆಲ್ಲಿ ಮೆತ್ತಗಾಗ್ಲಿ?"

"ನನ್ನ ಅರ್ಜಿ ಅಮ್ಮ ಅದು" ಎಂದಳು ಪಾಯಿಂಟು, ಆಕೆಯ ಕಡೆ ತಿರುಗಿ. "ಮತ್ತೆ ಬರೀತೀನಿ. ಎರಡೂ ಬೇಕು ಅಂತ ಬರೀತೀನಿ."

"ಬರಿ ಮಗಳೇ. ಅಲ್ಲೀವರೆಗೆ ಇದು ಕಾಯುತ್ತೆ ಅಂದ್ಕೊಂಡಿದೀಯಾ?" ಎಂದು ಆಕೆ ತಮ್ಮ ಬಲಗೈಯನ್ನು, ಯಾರೋ ಬೇರೆಯವರದು ಎನ್ನುವ ಹಾಗೆ, ನೋಡಿಕೊಂಡು ನಕ್ಕರು.

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಮೇಲಿನ ಸಾಲಿನ ಗಡಿಯಾರ ಕೇಳಿದರು. ಆಕೆ ಕೈ ಎತ್ತಿದರು. ಅದು ಹೆಗಲಿನವರೆಗೆ ಬಂದು ನಿಂತಿತು. ಇನ್ನೊಮ್ಮೆ ಎತ್ತಿದರು. ಅಲ್ಲಿಗೇ ನಿಂತಿತು. ಅಕ್ಕ ಮುಖ ತಿರುಗಿಸಿಕೊಂಡಳು. ಪಾಯಿಂಟು ಎದ್ದುಹೋಗಿ ಗಡಿಯಾರ ಇಳಿಸಿಕೊಟ್ಟಳು. ಗಿರಾಕಿ ಚೌಕಾಸಿ ಮಾಡಿ ಹೋದರು. ಆಕೆ ನಮಗೆ ಟೀ ತರಿಸಿ, ಸಕ್ಕರೆ ಸಾಕಾ ಎಂದು ಕೇಳಿದರು. ಸಮಾಧಾನ ಹೇಳಲು ಹೋದವರು ನಾವು. ಹೇಳಿದವರು ಅವರು.

ಎರಡನೆಯ ಅರ್ಜಿ ಸಾಹೇಬರ ಮೇಜಿನ ಆ ಗೋಡೆಯಲ್ಲಿ ಎಲ್ಲೋ ಒಂದು ಇಟ್ಟಿಗೆಯಾಗಿದೆ. ಪಾಯಿಂಟು ಆಫೀಸು ಬಿಟ್ಟು ಬರುವಾಗ ದಿನವೂ ಆ ಅಂಗಡಿಗೆ ಹೋಗಿ, ಮೇಲಿನ ಸಾಲಿನವನ್ನು ಇಳಿಸಿ, ಒರೆಸಿ, ಮತ್ತೆ ಹಾಕಿ ಬರುತ್ತಾಳೆ. ಮನೆಯಲ್ಲಿ ಅದರ ಮಾತೆತ್ತುವುದಿಲ್ಲ. ಬೆಳಗ್ಗೆ ಈಜಲು ಹೋಗುವುದನ್ನೂ ಬಿಟ್ಟಿದ್ದಾಳೆ. ಹೋಗು ಎಂದು ಅಕ್ಕ ಗೋಗರೆದಳು. "ನಿನಗೋಸ್ಕರ ಅಲ್ವೇ ನಾನು ಆ ಗಂಟೆ ಬಿಟ್ಟುಕೊಟ್ಟದ್ದು?" ಎಂದಳು. "ಗೊತ್ತಮ್ಮ, ಅದಕ್ಕೇ ಆಗ್ತಿಲ್ಲ" ಎಂದಳು ಮಗಳು.

ಅಕ್ಕ ಆ ಅಂಗಡಿಯ ಬೀದಿಗೇ ಹೋಗುವುದಿಲ್ಲ. ಕೊಳದಿಂದ ಮನೆಗೆ ಬರಲು ಅದೇ ಹತ್ತಿರದ ದಾರಿ. ಅದನ್ನು ಬಿಟ್ಟು ಮಾರ್ಕೆಟ್ಟು ಬಳಸಿ, ಏರು ಹತ್ತಿ, ಸುತ್ತು ಹಾಕಿಕೊಂಡು ಬರುತ್ತಾಳೆ. ಒಮ್ಮೊಮ್ಮೆ ನಾನೂ ಜೊತೆಗಿರುತ್ತೇನೆ. ಏರಿನಲ್ಲಿ ನನಗೆ ಉಸಿರು ಕಟ್ಟುತ್ತದೆ, ನಿಂತು ಗೊಣಗುತ್ತೇನೆ. ನಾನು ಸುಧಾರಿಸಿಕೊಳ್ಳುವವರೆಗೆ ಕಾದು, ಅಕ್ಕ ಮುಂದೆ ನಡೆಯುತ್ತಾಳೆ.